ಹಳದಿ ಅಂತ ಬರದೆ

ಊರೆಲ್ಲಾ ಮುಗಿಲಿಗೆ ಕೈ ಮುಗೀತಿತ್ತು.
ನಾ ಒಬ್ಬಾಕಿ ಬ್ಯಾಡ ಅಂದೆ,
ಇವತ್ತೊಂದ ರಾತ್ರಿ ಬ್ಯಾಡ.
ಸಿಂಗರೇಣಿಯಿಂದ ಬಂದ ಎರಡು ರೇಕು ಕಲ್ಲಿದ್ದಲು
ಯಾರ್ಡಿನ್ಯಾಗ ಬಯಲಿಗೇ ಬಿದ್ದದ,
ತಾಡಪಾಲು ಸಾಲದೆ.

ರೋಹಿಣಿ ಕೇಳಲಿಲ್ಲ.
ಹತ್ತೂವರಿಗೆ ಹಿಡದದ್ದು ಹನ್ನೆರಡಾದರೂ ಬಿಡಲಿಲ್ಲ.
ಇದ್ದಲಿನ ಗುಡ್ಡ ತೊಳದು ಇಳದ ನೀರು
ಗಟಾರದಾಗ ಹುಳಿ ಹುಳಿ ನಾರತಾ
ಮೊದಲನೇ ಹೊಂಡಕ್ಕ ಬಂತು.
ಎರಿಮಣ್ಣಿನ ಕಪ್ಪು ಬ್ಯಾರೆ,
ಅದಕ್ಕ ಬೀಜ ಗೊತ್ತದ.
ಇದಕ್ಕ ಏನೂ ಗೊತ್ತಿಲ್ಲ.

ಮೂರು ಹೊಂಡ, ನಡುವ ಎರಡು ಗ್ವಾಡಿ.
ಮೊದಲನೇದರಾಗ ಪುಡಿ ತಳಾ ಹಿಡೀಬೇಕು.
ಎರಡನೇದಕ್ಕ ಸುಣ್ಣ.
ಮೂರನೇದರ ಬಾಯಾಗ ಒಂದು ಗೇಟು,
ಗೇಟಿನ ಆಚೆ ಡೋಣಿಗೆ ಹೋಗೂ ಹಳ್ಳ,
ಹಳ್ಳದ ದಂಡಿಗೆ ದಾವಲಮಲಿಕನ ಏಳು ಎಮ್ಮಿ,
ಅದರಾಗ ಒಂದು ಗಬ್ಬ.

ಆರೂವರಿ ಕೆಳಗ ಇಳದರ ಬಿಡಬಾರದು,
ಎಂಟೂವರಿ ಮ್ಯಾಲೆ ಏರಿದರೂ ಬಿಡಬಾರದು.
ಗ್ವಾಡಿ ಮ್ಯಾಲೆ ಬರದಾರ, ಕೆಂಪು ಅಕ್ಷರ.
ಅಳಿಯೋ ಮೀಟರು ಮಾತ್ರ
ಸಿಡ್ಲು ಹೊಡದ ಮ್ಯಾಲೆ ಕಣ್ಣು ಮುಚ್ಚಿತು.
ತಟ್ಟಿದೆ. ಸೆಲ್ಲು ತಗದು ಸೆರಗಿಗೆ ಒರಸಿ ಹಾಕಿದೆ.
ಇಲ್ಲ.

ಫೋನಿನ್ಯಾಗ ಹಂಚಿನಾಳ ಸಾಹೇಬ್ರು:
"ಒಡ್ಡು ಒಡೀತದ, ಬಿಡು ಅತ್ಲಾಗ.
ಮಳಿನೀರಾಗ ಮಳಿನೀರು, ಯಾರು ಕೇಳ್ತಾರ?"

ಇಪ್ಪತ್ತು ಚೀಲ ಸುಣ್ಣ ಸುರದಿದ್ದೆ ಅಷ್ಟೊತ್ತಿಗೆ,
ಲೆಕ್ಕಕ್ಕಲ್ಲ, ಅಂಜಿಕಿಗೆ.
ಲೋಕಾಪುರದ ಭಟ್ಟಿ ಸುಣ್ಣ.
ಅವ್ವ ಇದನ್ನೇ ತಂಬಾಕಕ್ಕ ಉಗುರಿನಷ್ಟ ಹಚ್ಚತಿದ್ಲು,
ಹೆಚ್ಚಾದರ ಬಾಯಿ ಸುಡತದ ಅಂತಿದ್ಲು.

ಕ್ಯಾಂಟೀನಿನ ಡಬ್ಬಿಯಿಂದ ಚಿಟಿಕಿ ಅರಿಷಿಣ ತಂದೆ.
ಅಂಗೈಯಾಗ ಹಾಕಿ ಹೊಂಡದ ನೀರು ಬಿಟ್ಟೆ.
ಬ್ಯಾಟರಿ ಬೆಳಕಿನಾಗ
ಅಂಗೈ ಕುಂಕುಮಾತು.
ಹಬ್ಬಕ್ಕ ಮನ್ಯಾಗ ಮಾಡತಿದ್ದದ್ದು ಇದೇ ಅಲ್ಲೇನು,
ಅರಿಷಿಣಕ್ಕ ಸುಣ್ಣ ಬಿದ್ದರ ಕುಂಕುಮ.
ಹಣೀಗೆ ಛಲೋ.
ಎಮ್ಮಿ ಹೊಟ್ಟಿಗಲ್ಲ.

ಮೊದಲನೇ ಹೊಂಡದ ಹುಳಿ ಬೊಗಸಿ ಬೊಗಸಿ ಅನ್ನೂವಂಗ ಬಿಟ್ಟು
ಬಿದರ ಕೋಲಿಲೆ ಕಲಸಿದೆ. ಮತ್ತ ಚಿಟಿಕಿ.
ಕೆಂಪು.
ಮತ್ತ ಹುಳಿ. ಕೆಂಪು, ಇಲ್ಲ, ಕೇಸರಿ.
ಒಡ್ಡಿಗೆ ಗೇಣು ಉಳದಿತ್ತು,
ಆಮ್ಯಾಲೆ ನಾಕು ಬೆರಳು.
ಫೋನು ಸೊಂಟದಾಗ ನಡಗತಿತ್ತು, ಎತ್ತಲಿಲ್ಲ.

ಕೆಂಪು ಬಿಟ್ಟ ಗಳಿಗೀಗೆ ಕೈ ತಡದೆ.
ಅದರ ಕೆಳಗ ಅರಿಷಿಣ ನಂಬೂ ಹಂಗಿಲ್ಲ,
ಎಷ್ಟು ಹುಳಿ ಇದ್ದರೂ ಅದು ಹಳದೀನೇ.
ಗೇಟು ಕಾಲು ತಿರುವು, ಅಷ್ಟ.

ಮುಂಜಾನೆ ರಜಿಸ್ಟರಿನ್ಯಾಗ
ಅಂಕಿ ಇರಬೇಕಾದ ಮನ್ಯಾಗ
"ಹಳದಿ" ಅಂತ ಬರದೆ.
ಹಂಚಿನಾಳ ಸಾಹೇಬ್ರು ಮೊದಲ ನಕ್ಕರು.
ಆಮ್ಯಾಲೆ ಅದರ ಮ್ಯಾಲೆ ಬಿಳಿ ಬಣ್ಣ ಬಳದು
ಏಳು ಬಿಂದು ಎರಡು ಅಂತ ಬರದರು.
ಎಂಟರ ಹತ್ರ ಇತ್ರಿ ಅಂದೆ.
ಕೇಳಸಲಿಲ್ಲ ಅವರಿಗೆ.

ಎಮ್ಮಿ ಹಳ್ಳಕ್ಕ ಇಳದಿದ್ದವು.
ಗಬ್ಬದ್ದು ಮೂಸಿ ನೋಡಿ
ತಲಿ ಎತ್ತಿ
ನನ್ನ ಕಡೆ ನೋಡಿ, ಮತ್ತ ಬಗ್ಗಿತು.
ಅದು ಕುಡದು ಮುಗಸೂ ತನಕ ನಿಂತದ್ದಕ್ಕ
ಬಾಗೇವಾಡಿ ಬಸ್ಸು ತಪ್ಪಿತು.

ಮುಂದಿನ ಬಸ್ಸಿನ್ಯಾಗ ಬಾಜೂಕ ಕುಂತಾಕಿ
ನನ್ನ ಉಗುರು ನೋಡಿ ಕೇಳಿದ್ಲು:
"ಯಾರ ಲಗ್ನಕ್ಕ ಅರಿಷಿಣ ಹಚ್ಚಿ ಬಂದ್ಯವಾ?"