ಫೋರ್ನಸಾರಿ, ಜೆಪ್ಪು

ಹಳೆಯ ಟೆಲಿಫೋನ್ ಪುಸ್ತಕದಲ್ಲಿ
ಡಿಸೋಜರು ಹನ್ನೊಂದು ಪುಟ,
ಪಿಂಟೊ, ಲೋಬೊ, ಸಲ್ಡಾನರು
ಒಬ್ಬರ ಹೆಗಲ ಮೇಲೊಬ್ಬರು ನೂಕಿಕೊಂಡು;
ನಾವು ಒಂದೇ ಸಾಲು.
ಅದನ್ನೂ ಅಚ್ಚಿನ ತಪ್ಪೆಂದು
ಮರುವರ್ಷ ತಿದ್ದಿಬಿಟ್ಟರು: ಫರ್ನಾಂಡಿಸ್.

ರೇಶನ್ ಕಾರ್ಡಿನಲ್ಲೂ ಫರ್ನಾಂಡಿಸ್,
ಕರೆಂಟು ಬಿಲ್ಲಿನಲ್ಲಿ ಪರ್ನಸ್ಸಾರಿ,
ಅಮ್ಮನ ಆಪರೇಷನ್ನಿನ ದಿನ
ವೆನ್ಲಾಕಿನ ಚೀಟಿಯಲ್ಲಿ ಬರೀ ಸಾರಿ,
ಮೊದಲೇ ಕ್ಷಮೆ ಕೇಳಿಕೊಂಡ ಹಾಗೆ.
ಅಪ್ಪ ನಗುತ್ತಿದ್ದ, ಅಕ್ಷರ ಬಿಡಿಸಿ ಹೇಳುತ್ತಿದ್ದ.
ಕೊನೆಗಾಲದಲ್ಲಿ ಜಪಸರದ ಪ್ರಾರ್ಥನೆ ಮರೆತ,
ಆ ಬಿಡಿ ಅಕ್ಷರಗಳನ್ನು ಮರೆಯಲಿಲ್ಲ.

ಮುತ್ತಜ್ಜನನ್ನು ಸಿಡುಬಿನ ವರ್ಷ ಯಾರೋ
ಮೀನಿನ ಕುಕ್ಕೆಯಲ್ಲಿ ಮಲಗಿಸಿ
ಇಗರ್ಜಿಯ ಜಗಲಿಯಲ್ಲಿ ಬಿಟ್ಟು ಹೋದರಂತೆ.
ಜ್ಞಾನಸ್ನಾನದ ದಪ್ಪ ಪುಸ್ತಕ ತೆರೆದು
ಇಟಲಿಯ ಪಾದ್ರಿ, ಇನ್ನೂ ಕೊಂಕಣಿ ನಾಲಿಗೆಗೆ ಹತ್ತದವ,
ಹೆಸರು ಬರೆದ: ಲಾದ್ರು.
ಕುಲನಾಮದ ಕಾಲಂ ಖಾಲಿ.
"ಖಾಲಿ ಬಿಡುವ ಹಾಗಿಲ್ಲ ಪಾದ್ರ್ಯಾಬ್,
ಡಿಸೋಜ ಅಂತ ಹಾಕಿ,
ಅದರಲ್ಲಿ ಒಬ್ಬ ಹೆಚ್ಚಾದರೆ ಯಾರಿಗೂ ಗೊತ್ತಾಗುವುದಿಲ್ಲ,"
ಅಂದನಂತೆ ಗುರ್ಕಾರ.
ಪಾದ್ರಿ ಲೇಖನಿ ಅದ್ದಿದ, ಒಂದು ಗಳಿಗೆ ತಡೆದ,
ತನ್ನದನ್ನೇ ಬರೆದ.

ಊರು ಬಾಯಿ ಮುಚ್ಚಲಿಲ್ಲ.
ಮಗುವಿನ ಮೂಗು ನೋಡಿತು, ಕಿವಿ ನೋಡಿತು.
ಹುಡುಗ ಬೆಳೆಯುತ್ತ ಇದ್ದಿಲಿನ ಬಣ್ಣಕ್ಕೆ ತಿರುಗಿದ;
ಆದರೂ ನೋಡಿತು.
ನನಗೆ ಗೊತ್ತಿಲ್ಲ. ಗೊತ್ತಾಗಲೇಬೇಕೆಂದೂ ಇಲ್ಲ.

ಹದಿಮೂರಕ್ಕೆ ಬೋಳಾರದ ಹಂಚಿನ ಕಾರ್ಖಾನೆ ಸೇರಿದ ಲಾದ್ರು
ಮೂವತ್ತೆಂಟು ವರ್ಷ ಗೂಡಿನ ಬಾಯಿಗೆ ಕಟ್ಟಿಗೆ ಉಣಿಸಿದ.
ಎರಡು ಸಲ ಹುಬ್ಬು ಸುಟ್ಟುಕೊಂಡ.
ಬೆಂಕಿಯ ಬಣ್ಣ ನೋಡಿಯೇ ಹೇಳುತ್ತಿದ್ದನಂತೆ,
ಒಳಗೆ ಬೆಂದಿದೆಯೋ, ಇನ್ನೂ ಮಣ್ಣೋ.

ಈ ತಪಸ್ಸುಕಾಲದಲ್ಲಿ ಒಂದು ಕಾಗದ ಬಂತು.
ಪೋ ನದಿಯ ಬಯಲಿನ ಯಾರೋ ಎರ್ಮೆಸ್ ಫೋರ್ನಸಾರಿ,
ನಿವೃತ್ತ ಪೋಸ್ಟ್‌ಮ್ಯಾನ್,
ಈ ಹೆಸರಿನವರನ್ನೆಲ್ಲ ಎಣಿಸುತ್ತಿದ್ದಾನಂತೆ:
ಅವನ ಬೀದಿಯಲ್ಲಿ ಒಂಬತ್ತು ಮನೆ,
ಪಕ್ಕದ ಊರಿನಲ್ಲಿ ಅರ್ಧ ಸ್ಮಶಾನ,
ಹಡಗು ಹತ್ತಿ ಬ್ರೆಜಿಲಿಗೆ ಹೋದವರು ಲೆಕ್ಕಕ್ಕೆ ಸಿಕ್ಕಿಲ್ಲ.
ಇಂಡಿಯಾದಲ್ಲಿ ನೀವು ಹೇಗೆ? ಎಷ್ಟು ಜನ?
ಕೊನೆಗೆ, ನನಗೆ ಗೊತ್ತೇ ಇರುವ ಸಂಗತಿಯೆಂಬಂತೆ:
ನಮ್ಮ ಹೆಸರೆಂದರೆ
ಇಟ್ಟಿಗೆ, ಹಂಚು ಸುಡುವ ಗೂಡಿನವ.

ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು.
ಲಾದ್ರುವಿಗೆ ಇದನ್ನು ಯಾರೂ ಹೇಳಿರಲಿಲ್ಲ.
ಪಾದ್ರಿಗಾದರೂ ನೆನಪಿತ್ತೋ ಇಲ್ಲವೋ.

ಮನೆಯ ಮಾಡು ಬಿಚ್ಚಿಸಿದ ವರ್ಷ
ಒಂದೊಂದೇ ಹಂಚು ಮಗುಚಿ ಹುಡುಕಿದ್ದೆ,
ಅವನು ಗೀರಿದ ಅಕ್ಷರ ಎಲ್ಲಾದರೂ ಉಂಟಾ ಎಂದು.
ಎಲ್ಲದರಲ್ಲೂ ಕಂಪೆನಿಯ ಮುದ್ರೆ.
ಒಂದರಲ್ಲಿ ಮಾತ್ರ
ಹಸಿಮಣ್ಣಿನ ಮೇಲೆ ನಡೆದು ಹೋದ ಬೆಕ್ಕಿನ ಹೆಜ್ಜೆ,
ಬೆಂದು ಗಟ್ಟಿಯಾದದ್ದು.

ಉತ್ತರ ಬರೆದೆ: ಮೂವರು.
ತಮ್ಮ, ರಾಂಚಿಯ ಕಡೆ ಪಾದ್ರಿ.
ಸೋದರತ್ತೆ ಬೆನೆದಿಕ್ತ, ಎಂಬತ್ತೆಂಟು.
ನಾನು, ಮದುವೆಯಾಗದವಳು.
ಗೋರಿಗಳನ್ನು ಸೇರಿಸಿದರೆ ಹನ್ನೆರಡು,
ಫರ್ನಾಂಡಿಸ್ ಎಂದು ಕೆತ್ತಿದ ಎರಡೂ ಸೇರಿ.
ಅವನು ಕಳಿಸಿದ ಫಾರಮಿನಲ್ಲಿ
'ರಕ್ತಸಂಬಂಧ' ಎಂದಿತ್ತು.
ಆ ಕಾಲಂ ಖಾಲಿ ಬಿಟ್ಟೆ.

ಅಂಚೆ ಕಚೇರಿಯ ಹುಡುಗ ಲಕೋಟೆ ತಿರುಗಿಸಿ ಓದಿ
"ಫರ್ನಾಂಡಿಸ್ ಅಲ್ವಾ ಮೇಡಂ, ತಪ್ಪಾಗಿದೆ," ಅಂದ.
ಅಲ್ಲ, ಅಂದೆ. ಹಂಚು ಸುಡುವವರು.
ಅವನು ಅರ್ಥವಾಗದೆ
ತಲೆಯೆತ್ತಿ ಮಾಡು ನೋಡಿದ.