ಉಪ್ಪು ಕಾಗದ

ಬೀರು ಬಾಗಿಲುಗಳನ್ನೆಲ್ಲ ಕಳಚಿ ಹೊಂಗೆಯ ನೆರಳಿಗೆ ತಂದೆವು,
ಹನ್ನೊಂದು.
ಹನ್ನೆರಡನೆಯದರ ತಿರುಪು ಸೀಮೆಎಣ್ಣೆ ಕುಡಿದರೂ ಬಿಡಲಿಲ್ಲ.
ಇರಲಿ ಬಿಡು, ಎಂದರು ಸಾಬರು,
ಹಟಮಾರಿಗಳನ್ನು ನಿಂತಲ್ಲೇ ಉಜ್ಜಬೇಕು.

ಶ್ರೀನಿವಾಸಪುರ, ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿ,
ಕಸ್ತೂರಿ ಮಿಸ್ ಮನೆಯ ಅಡುಗೆಕೋಣೆ.
ಮರವೂ ಇಲ್ಲಿಯದೇ:
ಕಾಯಿ ಬಿಟ್ಟು ಬಿಟ್ಟು ಸಾಕಾಗಿ ಮಲಗಿದ ಮಾವು.

ಮೊದಲು ಸೋಡಾ ನೀರು.
ತೊಳೆಯದೆ ಉಜ್ಜಿದರೆ ಜಿಡ್ಡು ಒಳಗಿಳಿಯುತ್ತೆ,
ಆಮೇಲೆ ಬಣ್ಣ ಮುನಿಸಿಕೊಂಡು ಬೊಬ್ಬೆ ಏಳುತ್ತೆ.
ಇಪ್ಪತ್ತು ವರ್ಷದ ಒಗ್ಗರಣೆ ಬಕೆಟ್ಟಿಗೆ ಇಳಿದು
ಹುಣಸೆರಸದ ಹಾಗೆ ನಿಂತಿತು.

ಆಮೇಲೆ ಎಂಬತ್ತನೇ ನಂಬರು.
ಅಂಗಡಿಯವನು ಸ್ಯಾಂಡ್ ಪೇಪರ್ ಅಂತಾನೆ,
ನಮ್ಮ ಬಾಯಲ್ಲಿ ಅದು ಉಪ್ಪು ಕಾಗದ,
ಸಾರಿಗೆ ಬೀಳದ ಉಪ್ಪು, ಆದರೂ ಋಣ ಅದರದೇ.
ಎಂಬತ್ತು ಒರಟು. ತಾಲ್ಲೂಕು ಕಚೇರಿಯ ಜವಾನನ ಹಾಗೆ
ಮಾತೇ ಕೆರೆಯುತ್ತೆ.
ಮೇಲಿನ ಕೆನೆಬಣ್ಣ ಹೋಯಿತು, ಕೆಳಗೆ ಪಂಚಾಯ್ತಿ ಹಸಿರು,
ಅದರ ಕೆಳಗೆ ಯಾರೋ ಪುಕ್ಕಟೆ ಸಿಕ್ಕಿತೆಂದು ಬಳಿದ
ಲಾರಿ ಬಾಡಿಯ ಕಿತ್ತಳೆ,
ಅದರ ಕೆಳಗೆ ಮರ.

ಎಳೆ ನೋಡಿ ಎಳಿ.
ಪ್ಯಾರೇಜಾನ್ ಸಾಬರು ಒಂಬತ್ತು ವರ್ಷದಲ್ಲಿ
ನನಗೆ ಕಲಿಸಿದ್ದು ಇಷ್ಟೇ.
ಅಡ್ಡ ಎಳೆದ ಗೀರು ಈಗ ಕಾಣಲ್ಲ,
ಬಣ್ಣ ಬಿದ್ದ ಮಾರನೇ ದಿನ ಮನೆಯವರಿಗೆ ಚಾಡಿ ಹೇಳುತ್ತೆ.

ನೂರಿಪ್ಪತ್ತು. ಮೊಳೆತೂತಿಗೆ ಪುಟ್ಟಿ,
ಅದು ಒಣಗುವಷ್ಟರಲ್ಲಿ ಎರಡು ಬನ್ನು, ಒಂದು ಟೀಯಲ್ಲಿ ಇಬ್ಬರು.
ಮಗ್ಗುಲು ಬೀದಿಯಲ್ಲಿ ಟೊಮೇಟೊ ಲೋಡು ಹೋಯಿತು,
ಧೂಳು ಒರೆಸಿದ್ದೆಲ್ಲ ವ್ಯರ್ಥ, ಮತ್ತೆ ಒರೆಸು.

ಇನ್ನೂರಿಪ್ಪತ್ತು.
ಇಲ್ಲಿಂದ ಮುಂದೆ ಕಣ್ಣಿಗೆ ಕೆಲಸವಿಲ್ಲ.
ರೆಪ್ಪೆ ಮುಚ್ಚಿ ಬೆರಳು ಆಡಿಸುತ್ತೇನೆ:
ಇಲ್ಲಿ ಅರ್ಧ ಸಾಸಿವೆಯಷ್ಟು ಉಬ್ಬು,
ಇಲ್ಲಿ ಕೂದಲೆಳೆಯಷ್ಟು ತಗ್ಗು,
ಇಲ್ಲಿ, ಹಿಡಿ ಮುರಿದ ಮೇಲೆ ಮಿಸ್ ದಿನಾ ಹಿಡಿದೆಳೆದ ಅಂಚು,
ನಾವು ಬರುವ ಮೊದಲೇ
ಅವರ ಹೆಬ್ಬೆರಳು ಉಜ್ಜಿಟ್ಟ ಒಂದು ಗುಳಿ.
ಅದಕ್ಕೆ ಪುಟ್ಟಿ ಮೆತ್ತಲಿಲ್ಲ.
ಸಾಬರಿಗೆ ಹೇಳಲೂ ಇಲ್ಲ.

ಶನಿವಾರ ಸೊಸೈಟಿ.
ಮೆಷೀನು ನನ್ನ ಹೆಬ್ಬೆರಳು ನೋಡಿ ಕೆಂಪಗಾಯಿತು.
ಒರೆಸಿ ಇಡಮ್ಮ. ಒರೆಸಿ ಇಟ್ಟೆ.
ತಲೆಯ ಎಣ್ಣೆ ಸವರಿ ಇಡಮ್ಮ. ಸವರಿ ಇಟ್ಟೆ.
ತೋರು, ನಡು, ಉಂಗುರ,
ಎರಡೂ ಕೈಯ ಎಂಟು ಬೆರಳೂ ಫೇಲು.
ಹಿಂದಿನ ಸಾಲು ತೆಲುಗಿನಲ್ಲಿ ಗೊಣಗತೊಡಗಿತು.
ಗೆರೆಯೇ ಇಲ್ವಲ್ಲಮ್ಮ, ಅಂದ ಹುಡುಗ,
ನೀನು ಯಾರು ಅಂತ ಬರ್ಕೊಳ್ಲಿ?

ಅರ್ಧ ಸಾಸಿವೆಯನ್ನು ಓದುವ ಬೆರಳು ಮಗನೆ,
ನಿನ್ನ ಗಾಜಿಗೆ ಓದು ಬರಲ್ಲ.
ಅಂದುಕೊಂಡೆ, ಅನ್ನಲಿಲ್ಲ.
ಚೀಲ ಅವನ ಕೈಯಲ್ಲಿತ್ತು.

ಕೊನೆಗೆ ಕಿರುಬೆರಳು.
ಹಾಳೆ ಮುಟ್ಟದ ಸೋಮಾರಿ,
ಒಂಬತ್ತು ವರ್ಷ ನಾಲ್ವರು ದುಡಿಯುವಾಗ
ಪಕ್ಕದಲ್ಲಿ ಗಾಳಿ ತಗೊಂಡು ನಿಂತಿದ್ದದ್ದು.
ಹಸಿರು ದೀಪ.
ಗಂಗುಲಮ್ಮ ಕೋಂ ಚಿಕ್ಕಮುನಿಯಪ್ಪ,
ಇಷ್ಟು ಅಕ್ಕಿ, ಇಷ್ಟು ರಾಗಿ.

ಸೋಮವಾರ ಮಿಸ್ ಹಿತ್ತಲಿಗೆ ಬಂದರು.
ಇನ್ನೂ ಬಣ್ಣವೇ ಶುರುವಿಲ್ಲ,
ನಾಲ್ಕು ದಿನ ಏನು ಮಾಡಿದಿರಿ?
ಕೇಳುತ್ತಲೇ ಒಂದು ಬಾಗಿಲಿನ ಮೇಲೆ ಕೈ ಎಳೆದರು,
ನಿಲ್ಲಿಸಿದರು,
ಇನ್ನೊಮ್ಮೆ ಎಳೆದರು.
ಟೀ ತರ್ತೀನಿ, ಅಂದು ಒಳಗೆ ಹೋದರು.

ಹಟಮಾರಿ ಹನ್ನೆರಡನೆಯದು ನನ್ನ ಪಾಲಿಗೆ ಬಂತು.
ಗೋಡೆಗೆ ಮುಖ ಕೊಟ್ಟು ಉಜ್ಜುತ್ತಿದ್ದೆ,
ಸಾಬರು ನೋಡಿ ನಕ್ಕರು:
ಏನು ಗಂಗುಲಮ್ಮ, ಕಿರುಬೆರಳು ಹಾಗೆ ಎತ್ತಿ ಹಿಡಿದಿದ್ದೀಯ,
ಬೆಳ್ಳಿ ಲೋಟದಲ್ಲಿ ಕಾಫಿ ಕುಡಿಯುವವರ ಹಾಗೆ?

ಕಾಫಿ ಅಲ್ಲ ಸಾಬ್ರೆ,
ಮುಂದಿನ ತಿಂಗಳ ರಾಗಿ.