ಹಿಂಬಾಗಿಲ ಲೆಕ್ಕ

ಒಳ್ಳೆಯ ರಾಮೆನ್ ಎಲ್ಲಿ ಸಿಗುತ್ತದೆ ಅಂತ ಕೇಳಿದೆಯಲ್ಲ ಶೂಜಿ,
ಕೂತುಕೋ. ಕ್ಯೂ ಎಷ್ಟುದ್ದ ಇದೆ ಅಂತ ಮಾತ್ರ ನೋಡಬೇಡ.
ಈ ಟೋಕಿಯೊದಲ್ಲಿ ಸಾಲು ಸಾಲನ್ನೇ ಹೆರುತ್ತದೆ,
ಕೊನೆಯಲ್ಲಿ ನಿಂತವನಿಗೆ ಮುಂದೇನಿದೆ ಅಂತಲೂ ಗೊತ್ತಿರುವುದಿಲ್ಲ.

ಇಪ್ಪತ್ತಾರು ವರ್ಷ ನಾನು ಅಂಗಡಿಗಳ ಮುಖ ಕಂಡವಳಲ್ಲ.
ಅಕಬಾನೆಯಿಂದ ಜೂಜೊವರೆಗೆ, ತಿಂಗಳಿಗೊಮ್ಮೆ,
ಎರಡು ಗೋಡೆಗಳ ನಡುವೆ ಅಡ್ಡಡ್ಡ ನುಸುಳಿ,
ಬಿಯರಿನ ಕ್ರೇಟು ಸರಿಸಿ, ಬೆಕ್ಕಿಗೆ ಕ್ಷಮೆ ಕೇಳಿ,
ಮಂಡಿಯೂರಿ, ಎಣ್ಣೆಜಿಡ್ಡಿನ ಗಾಜು ಒರೆಸಿ
ಗ್ಯಾಸಿನ ಮೀಟರು ಓದಿದವಳು.

ಮುಂದೆ ಪರದೆ, ಕೆಂಪು ದೀಪ, ಗೋಡೆ ಮೇಲೆ ಯಾರದೋ ಸಹಿ.
ಹಿಂದೆ ಬರೀ ಅಂಕಿ.
ಹದಿನಾಲ್ಕು ತಾಸು ಎಲುಬು ಕುದಿಸುವವನ ಅಂಕಿ ಒಂದು ಥರ,
ಕಾರ್ಖಾನೆಯ ಚೀಲ ಕತ್ತರಿಸಿ ಬಿಸಿಮಾಡುವವನದು ಇನ್ನೊಂದು ಥರ.
ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರಲ್ಲ,
ಬೆಳ್ಳಗಿರುವುದೆಲ್ಲ ಎಲುಬಿನ ಸಾರೂ ಅಲ್ಲ.
ಸ್ಟೇಷನ್ ಮೂಲೆಯ ಆ ದೊಡ್ಡ ಹೆಸರಿನ ಅಂಗಡಿ,
ಮಳೆಯಲ್ಲೂ ನಲವತ್ತು ಕೊಡೆಗಳು ಕಾಯುತ್ತವಲ್ಲ,
ಅದರ ಮೀಟರು ಒಬ್ಬ ಮುದುಕಿ ಚಹಾ ಕಾಸಿದಷ್ಟೂ ಓಡುತ್ತಿರಲಿಲ್ಲ.
ಯಾರಿಗೂ ಹೇಳಲಿಲ್ಲ. ಹೇಳಬಾರದು. ಅದು ನೌಕರಿ.
ಹೊಟ್ಟೆಯೊಳಗೆ ಮಾತ್ರ ಒಂದು ಪಟ್ಟಿ ಇಟ್ಟುಕೊಂಡಿದ್ದೆ.

ಪಟ್ಟಿಯ ತಲೆಗೆ ಹಿಗಾಕಿಯ ಅಂಗಡಿ.
ರೈಲುಹಳಿಯ ಪಕ್ಕ, ಏಳೇ ಕುರ್ಚಿ,
ಅಂಕಿ ನೋಡಿದರೆ ಒಲೆ ಆರಿಸದ ತಪಸ್ಸು.
ಚಳಿಗಾಲದಲ್ಲಂತೂ ಕುದುರೆ ಏರಿ ಕೂತಿರುತ್ತಿತ್ತು.
ಮೂರು ವರ್ಷ ಹಿಂಬಾಗಿಲಲ್ಲೇ ನಿಂತು ಕೈಮುಗಿದೆ.
ಕೊನೆಗೊಂದು ರಜೆಯ ದಿನ ತುಟಿಗೆ ಬಣ್ಣ ಹಚ್ಚಿ
ಮುಂಬಾಗಿಲಿನಿಂದ ಹೋದೆ.

ಏನು ಹೇಳಲಿ.
ಪಾತ್ರೆ ತೊಳೆದ ನೀರಿಗೆ ಸೋಯಾ ಬೆರೆಸಿದ ಹಾಗಿತ್ತು.
ಮೊಟ್ಟೆ ತಣ್ಣಗೆ. ಎಳೆಗಳು ಒಂದಕ್ಕೊಂದು ಅಂಟಿ ಸಂಸಾರ ಹೂಡಿದ್ದವು.
‘ರಾತ್ರಿಯಿಡೀ ಕುದಿಸುತ್ತೀರಲ್ಲವೆ?’ ಅಂದೆ, ಮರ್ಯಾದೆಗೆ.
ಹಿಗಾಕಿ ಬೆರಳೆತ್ತಿ ಮಾಳಿಗೆ ತೋರಿಸಿದ.
ಮೇಲೆ ಅವನ ಮಾವ, ತೊಂಬತ್ತೊಂದು,
ನಿದ್ದೆ ಬರದೆ ಹೊತ್ತಿಲ್ಲದ ಹೊತ್ತಿನಲ್ಲಿ
ಕುತ್ತಿಗೆಮಟ್ಟ ಬಿಸಿನೀರ ತೊಟ್ಟಿಯಲ್ಲಿ.
ಮೂರು ವರ್ಷ ನಾನು ಕೈಮುಗಿದದ್ದು ಒಬ್ಬನ ಸ್ನಾನಕ್ಕೆ!
ಎಲುಬು ಕುದಿಯುತ್ತಿದ್ದದ್ದೇನೋ ನಿಜ. ಅವನವೇ.

ನಕ್ಕೆ, ಕೆಮ್ಮು ಬರುವಷ್ಟು. ಯಾಕೆಂದು ತಿಳಿಯದೆ ಹಿಗಾಕಿಯೂ ನಕ್ಕ,
ಅರ್ಧ ಮೊಟ್ಟೆ ಹೆಚ್ಚಿಗೆ ಹಾಕಿದ.
ಅದೂ ತಣ್ಣಗೇ ಇತ್ತು.

ಈಗ ಮೀಟರುಗಳು ತಮ್ಮನ್ನು ತಾವೇ ಓದಿಕೊಳ್ಳುತ್ತವೆ.
ಕಂಪನಿ ನನಗೊಂದು ಹೂಗುಚ್ಛ, ಒಂದು ಟವೆಲು ಕೊಟ್ಟಿತು.
ಕಾಲುಗಳಿಗೆ ಮಾತ್ರ ಆ ಸುದ್ದಿ ಮುಟ್ಟಿಲ್ಲ,
ಎಂಟನೆಯ ತಾರೀಖು ಬಂತೆಂದರೆ ತಾವಾಗಿ ಓಣಿಗಿಳಿಯುತ್ತವೆ.

ಹಾಗೆ ಇಳಿದ ಒಂದು ಸಂಜೆ,
ಇಪ್ಪತ್ತಾರು ವರ್ಷ ತಲೆಯೆತ್ತದೆ ದಾಟಿದ ಒಂದು ಬಾಗಿಲು.
ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ:
ಬೇರೆ ಕಂಪನಿಯ ಸಿಲಿಂಡರು, ನಾನು ಓದುವ ಮೀಟರಲ್ಲ.
ಒಳಗೆ ಹಣೆಗೆ ಬಟ್ಟೆ ಬಿಗಿದ ಒಬ್ಬ ಹೆಂಗಸು,
ರೇಡಿಯೊದಲ್ಲಿ ಬೇಸ್‌ಬಾಲು, ಯಾರೋ ಸೋಲುತ್ತಿದ್ದರು.
ಬಟ್ಟಲಲ್ಲಿ ಎಲುಬಿಲ್ಲ, ಕೊಬ್ಬಿಲ್ಲ, ತಳ ಕಾಣುವ ತಿಳಿಸಾರು.
ಒಣಗಿದ ಪುಟ್ಟ ಮೀನು, ರಾತ್ರಿಯೆಲ್ಲ ತಣ್ಣೀರಲ್ಲಿ ನೆನೆದದ್ದು,
ಬೆಳಗ್ಗೆ ಇಪ್ಪತ್ತು ನಿಮಿಷ ಒಲೆ ಮೇಲೆ.
ಅಷ್ಟೇ ಅಂತೆ. ಇಪ್ಪತ್ತೇ ನಿಮಿಷ.
ಬಟ್ಟಲೆತ್ತಿ ಕೊನೆಯ ಹನಿಯವರೆಗೆ ಕುಡಿದೆ,
ಸದ್ದು ಮಾಡಿಕೊಂಡು, ಕನ್ನಡಕ ಮಂಜಾಗಿ,
ಎಷ್ಟು ಗ್ಯಾಸು ಸುಟ್ಟಿತೆಂದು ಕೇಳಲಿಲ್ಲ.

ವಿಳಾಸವೇ? ನನಗೂ ಗೊತ್ತಿಲ್ಲಪ್ಪ.
ಎರಡು ಗೋಡೆಗಳ ನಡುವೆ ಅಡ್ಡಡ್ಡ ನುಸುಳು,
ನಿನ್ನ ಹೊಟ್ಟೆ ಇನ್ನೂ ಸಣ್ಣದಿದೆ, ಆಗುತ್ತದೆ.
ಬೆಕ್ಕಿಗೆ ಕ್ಷಮೆ ಕೇಳುವುದು ಮರೆಯಬೇಡ.
ಆಗಿನ ಬೆಕ್ಕಲ್ಲ ಅದು,
ಅದರ ಮೊಮ್ಮಗಳು.